ಕೆರೆಗೋಡು, ನೊರೆ ಮತ್ತು ಬೆಳ್ಳಂದೂರು

ಕೆರೆಗೆ ಬೆಂಕಿ ಬಿತ್ತು ಅಂತ ನೂರು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ಅವನಿಗೆ ನಿಂಬೆಹಣ್ಣು ಮಂತ್ರಿಸಿ ಕೊಡುತ್ತಿದ್ದರೇನೋ! ಬೆಳ್ಳಂದೂರು ಕೆರೆಯ ನೊರೆಗೆ 2015ರ ಮೇ ತಿಂಗಳಲ್ಲಿ ಬೆಂಕಿ ಹತ್ತಿತು. 2017ರ ಫೆಬ್ರವರಿಯಲ್ಲಿ ಮತ್ತೆ. 2018ರ ಜನವರಿಯಲ್ಲಿ ಮಗದೊಮ್ಮೆ, ಆಗ ಆರಿಸಲು ಸೈನಿಕರೇ ಬರಬೇಕಾಯಿತು. ಫೋಟೋಗಳನ್ನು ನೀವೆಲ್ಲ ನೋಡಿದ್ದೀರಿ. ನನಗೆ ಕುತೂಹಲ ಇರೋದು ಅದಕ್ಕೂ ಹಿಂದಿನ ಕಥೆಯಲ್ಲಿ.

ಬೆಂಗಳೂರು ದಿಣ್ಣೆಯ ಮೇಲಿನ ಊರು. ಬಿದ್ದ ಮಳೆ ವೃಷಭಾವತಿ, ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ ಅನ್ನೋ ಮೂರು ಕಣಿವೆಗಳಲ್ಲಿ ಇಳಿದುಹೋಗುತ್ತೆ. ಮೂರನೆಯ ಕಣಿವೆಯ ಕೆಳಗಡೆ ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ. ಅದು ಕೋಡಿ ಬಿದ್ದರೆ ನೀರು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಗಾಡಿ ಕಟ್ಟಿಕೊಂಡು ಬಂದು ಕೆರೆಗೋಡು ತುಂಬಿ ಹೊಲಕ್ಕೆ ಹೊಡೆಯೋದು ನಮ್ಮ ಕಡೆಯ ಹಳೆಯ ರೂಢಿ. ಊರಿನ ಮಲವೂ ಗಾಡಿಯಲ್ಲಿ ಹೊರಗೆ ಹೋಗಿ ಗೊಬ್ಬರವಾಗುತ್ತಿತ್ತು. ಅಂದರೆ ಸಾರಜನಕ, ರಂಜಕಗಳು ಬಂದ ಮಣ್ಣಿಗೇ ವಾಪಸು. (ಹಳೆಯದೆಲ್ಲ ಚಿನ್ನ ಅಂತ ಹಾಡೋಕೆ ಹೊರಟಿಲ್ಲ. ಆ ಮಲ ಹೊತ್ತವರು ಯಾರು, ಯಾವ ಜಾತಿಗಳವರು ಅಂತ ನಮಗೆಲ್ಲ ಗೊತ್ತು. ಆ ಪದ್ಧತಿ ಹೋಗಲೇಬೇಕಿತ್ತು.)

1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. 1898ರಲ್ಲಿ ಪ್ಲೇಗು. 1922ರಲ್ಲಿ ಒಳಚರಂಡಿ ಶುರು, 1933ರಲ್ಲಿ ತಿಪ್ಪಗೊಂಡನಹಳ್ಳಿ. ನಿಜವಾದ ತಿರುವು ಮಾತ್ರ 1974. ಕಾವೇರಿ ಬಂದಳು, ದಿನಕ್ಕೆ 13.5 ಕೋಟಿ ಲೀಟರ್. 2024ರ ಅಕ್ಟೋಬರಿನಲ್ಲಿ ಬಂದ ಐದನೇ ಹಂತ ಒಂದರದ್ದೇ 77.5 ಕೋಟಿ ಲೀಟರ್. ಮನೆಗೆ ಬಂದ ನೀರಿನಲ್ಲಿ ಶೇಕಡಾ 80ರಷ್ಟು ಕೊಳಚೆಯಾಗಿ ಹೊರಗೆ ಹೋಗುತ್ತೆ ಅನ್ನೋದು ಎಂಜಿನಿಯರುಗಳ ಲೆಕ್ಕ. ನೀರು ತರೋದಕ್ಕೆ ಇದ್ದ ಉತ್ಸಾಹ ಕೊಳಚೆ ಶುದ್ಧ ಮಾಡೋದಕ್ಕೆ ಇರಲಿಲ್ಲ. ಹೆಸರಿಗೆ ರಾಜಕಾಲುವೆ, ಹರಿಯೋದು ನಾವು ಫ್ಲಶ್ ಮಾಡಿದ್ದು. ಬೇಸಿಗೆಯಲ್ಲಿ ಬತ್ತುತ್ತಿದ್ದ ಕೆರೆ ವರ್ಷವಿಡೀ ಕೊಳಚೆಯಿಂದಲೇ ತುಂಬಿ ನಿಂತಿತು.

ಆಮೇಲೆ ಆಗಿದ್ದು ಸರಳ. ಹೊಲಕ್ಕೆ ಹೋಗಬೇಕಿದ್ದ ಗೊಬ್ಬರ ಅಂತರಗಂಗೆಗೆ ಸಿಕ್ಕಿತು. ಬಟ್ಟೆ ಸೋಪಿನ ಪುಡಿಯ ರಂಜಕವೂ ಸೇರಿತು. ಕಳೆ ಹಬ್ಬಿತು, ಸತ್ತು ತಳ ಸೇರಿತು, ಕೊಳೆಯಿತು. ಆಮ್ಲಜನಕ ಇಲ್ಲದ ಕೆಸರಿನಲ್ಲಿ ಕೊಳೆತರೆ ಹುಟ್ಟೋದು ಮೀಥೇನ್. 1776ರಲ್ಲಿ ಇಟಲಿಯ ವೋಲ್ಟಾ (ಹೌದು, ಬ್ಯಾಟರಿಯ ವೋಲ್ಟಾನೇ) ಮಜೋರೆ ಸರೋವರದ ಕೆಸರು ಕಲಕಿ, ಗುಳ್ಳೆಗಳನ್ನು ಹಿಡಿದು ಹೊತ್ತಿಸಿ ನೋಡಿದ್ದು ಇದನ್ನೇ. ನಮ್ಮ ಕೊಳ್ಳಿದೆವ್ವದ ಕಥೆಗಳಿಗೂ ಇದನ್ನೇ ಕಾರಣ ಅಂತ ಹೇಳುವವರಿದ್ದಾರೆ. ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಮೀಥೇನ್ ಒಂದು ಕಿಲೋ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಭೂಮಿಯನ್ನು ಬಿಸಿ ಮಾಡುತ್ತೆ. ಕೊಳಚೆಯ ಸಾರಜನಕದಿಂದ ಹುಟ್ಟೋ ನೈಟ್ರಸ್ ಆಕ್ಸೈಡ್ ಸುಮಾರು 270 ಪಟ್ಟು. ಇದಕ್ಕೆ ನಗೆ ಅನಿಲ ಅಂತ ಹೆಸರಿಟ್ಟವರಿಗೆ ಏನು ಹೇಳೋದು!

ಬೆಂಕಿಗೆ ಮೀಥೇನೇ ಕಾರಣವೋ, ನೊರೆಯಲ್ಲಿದ್ದ ಎಣ್ಣೆಯೋ, ಯಾರೋ ಹಚ್ಚಿದ ಕಸವೋ ಅಂತ ಜಗಳ ಬೇಕಾದಷ್ಟು ನಡೆಯಿತು. ನನಗೆ ಅನಿಸೋದು, ಹೊತ್ತಿಕೊಂಡ ಮೀಥೇನಿಗಿಂತ ಹೊತ್ತಿಕೊಳ್ಳದೆ ಸುಮ್ಮನೆ ಗುಳ್ಳೆಯಾಗಿ ಹೋಗಿದ್ದೇ ಹೆಚ್ಚು. ಅದಕ್ಕೆ ಹೊಗೆ ಇಲ್ಲ, ಹಾಗಾಗಿ ಸುದ್ದಿಯೂ ಇಲ್ಲ.

ಬೆಂಕಿಯಾದ ಮೇಲೆ ಹಸಿರು ನ್ಯಾಯಮಂಡಳಿ ಹಿಡಿದು ಕೂತಿತು, ಕೆರೆ ಬರಿದು ಮಾಡಿ ಹೂಳೆತ್ತುವ ಕೆಲಸಕ್ಕೂ ಕೈಹಾಕಿದರು. ಆದರೆ ಈ ಹೂಳು ಹಳೆಯ ಕೆರೆಗೋಡಲ್ಲ, ಭಾರಲೋಹಗಳೂ ಬೆರೆತದ್ದು.

ಇದರ ನಡುವೆ ಇದೇ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಪಂಪ್ ಮಾಡೋ ಯೋಜನೆ ಬಂತು. 2018ರ ಜೂನಿನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂದಾಗ ಜನ ಸಂಭ್ರಮಪಟ್ಟರು. ಮುಂದಿನ ತಿಂಗಳು ಅಲ್ಲೂ ನೊರೆ. ಸಂಗತಿ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಒಣಗಿದ್ದ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದಿದ್ದು ನಿಜ, ರೈತರ ಖುಷಿಯೂ ನಿಜ. ಎರಡು ಹಂತದ ಶುದ್ಧಿಯಲ್ಲಿ ಸಾರಜನಕ, ರಂಜಕ ಪೂರ್ತಿ ಹೋಗೋಲ್ಲ ಅನ್ನೋದೂ ನಿಜ. ಮೂರನೇ ಹಂತದ ಶುದ್ಧಿಯೂ ಬೇಕು ಅಂತ ಅಲ್ಲಿನವರು ಅಂದಿನಿಂದ ಕೇಳುತ್ತಾ ಬಂದಿದ್ದಾರೆ.