ಹಸಿರುಮನೆಯ ಹವೆ ಮತ್ತು ಬೆಳೆಯ ನೀರಿನ ಬಳಕೆ: ಅಧ್ಯಯನದ ಇತಿಹಾಸ

ಹಸಿರುಮನೆಯ ಬೆಳೆಗೆ ಎಷ್ಟು ನೀರು ಬೇಕೆಂಬುದು ಅದರೊಳಗಿನ ಬಿಸಿಲು, ತೇವಾಂಶ, ತಾಪಮಾನ ಮತ್ತು ಗಾಳಿಯಾಟವನ್ನು ಅವಲಂಬಿಸಿದೆ. ಪಾಲಿಹೌಸ್ ನೀರು ಉಳಿಸುತ್ತದೆ ಎಂಬ ಮಾತು ಕೈಪಿಡಿಗಳಲ್ಲಿ ಸಾಮಾನ್ಯ. ಆ ಉಳಿತಾಯ ಯಾವ ಕಾರಣದಿಂದ ಬರುತ್ತದೆ, ಯಾವ ಖರ್ಚನ್ನು ಬಿಟ್ಟು ಲೆಕ್ಕ ಹಾಕಲಾಗಿದೆ ಎಂಬ ವಿಷಯದಲ್ಲಿ ಮಾತ್ರ ಆಕರಗಳು ಗೊಂದಲಮಯವಾಗಿವೆ.

ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಕುಂಡದ ಸೂರ್ಯಕಾಂತಿ ಗಿಡವನ್ನು ತೂಗಿ, ಅದು ಹೊರಬಿಟ್ಟ ನೀರಿನ ಲೆಕ್ಕವನ್ನು 1727ರಲ್ಲಿ ಪ್ರಕಟಿಸಿದರು. ಅಲ್ಲಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಹೊವಾರ್ಡ್ ಪೆನ್‌ಮನ್ 1948ರಲ್ಲಿ ಬಿಸಿಲಿನ ಶಕ್ತಿಯನ್ನೂ ಗಾಳಿಯ ಹೀರುವಿಕೆಯನ್ನೂ ಒಂದೇ ಸೂತ್ರಕ್ಕೆ ತಂದರು. 1965ರಲ್ಲಿ ಜಾನ್ ಮಾಂಟೀತ್ ಅದಕ್ಕೆ ಪತ್ರರಂಧ್ರಗಳು, ಅಂದರೆ ಎಲೆಯ ಸೂಕ್ಷ್ಮ ರಂಧ್ರಗಳು, ಒಡ್ಡುವ ತಡೆಯನ್ನು ಸೇರಿಸಿದರು. ಈ ಸೂತ್ರಗಳು ಬಯಲಿನ ಲೆಕ್ಕಗಳು.

ಗಾಜಿನ ಮನೆಯ ಬೆಳೆಗಳ ಬಾಷ್ಪವಿಸರ್ಜನೆ (ಎಲೆಗಳಿಂದ ನೀರು ಆವಿಯಾಗಿ ಹೊರಹೋಗುವುದು) ಒಳಬರುವ ಬಿಸಿಲಿಗೆ ನೇರ ಅನುಪಾತದಲ್ಲಿ ಏರಿಳಿಯುತ್ತದೆಂದು ಮಾರಿಸ್, ನೀಲ್ ಮತ್ತು ಪಾಸಲ್ತ್‌ವೇಟ್ 1957ರಲ್ಲಿ ತೋರಿಸಿದರು. ಒಂದು ಕಿಲೋಗ್ರಾಂ ನೀರು ಆವಿಯಾಗಲು ಸುಮಾರು 2.45 ಮೆಗಾಜೂಲ್ ಶಕ್ತಿ ಬೇಕು. ಹೊದಿಕೆ ಬಿಸಿಲಿನ ಒಂದು ಪಾಲನ್ನು ತಡೆದರೆ ನೀರಿನ ಖರ್ಚೂ ಇಳಿಯುತ್ತದೆ.

ನೀರಿನ ಖರ್ಚನ್ನು ಹಿಡಿತದಲ್ಲಿಡುವುದು ಪತ್ರರಂಧ್ರ ಎಂದು ಸಸ್ಯಶಾಸ್ತ್ರಜ್ಞರು, ಬಿಸಿಲು ಎಂದು ಹವಾಮಾನ ತಜ್ಞರು ಬಹುಕಾಲ ವಾದಿಸಿದ್ದರು. ಪಾಲ್ ಜಾರ್ವಿಸ್ ಮತ್ತು ಕೀತ್ ಮೆಕ್‌ನಾಟನ್ 1986ರಲ್ಲಿ ಎರಡೂ ವಾದಗಳಿಗೆ ಅವುಗಳ ಜಾಗ ತೋರಿಸಿದರು. ಮುಚ್ಚಿದ ಮನೆಯಲ್ಲಿ ಎಲೆ ಬಿಟ್ಟ ಆವಿ ಅಲ್ಲೇ ಉಳಿದು ಗಾಳಿಯನ್ನು ತೇವಗೊಳಿಸುತ್ತದೆ. ಆಗ ಬಿಸಿಲಿನ ಮಾತೇ ಮುಖ್ಯ. ಕಿಟಕಿ ತೆರೆದರೆ ಹೊರಗಿನ ಒಣಹವೆ ಎಲೆಯನ್ನು ಮುಟ್ಟುತ್ತದೆ, ಪತ್ರರಂಧ್ರದ ಹಿಡಿತವೂ ಹೆಚ್ಚುತ್ತದೆ. ಮರುವರ್ಷವೇ ಸೆಸಿಲಿಯಾ ಸ್ಟಾಂಗೆಲ್ಲಿನಿ ನೆದರ್ಲೆಂಡ್ಸ್‌ನ ವಾಗೆನಿಂಗೆನ್‌ನಲ್ಲಿ, ಟೊಮೆಟೊ ಬೆಳೆಯ ಅಳತೆಗಳ ಆಧಾರದಲ್ಲಿ ಹಸಿರುಮನೆಗೇ ಹೊಂದುವ ಮಾದರಿಯನ್ನು ಕಟ್ಟಿದರು. ಈ ಇತಿಹಾಸದ ನಿಜವಾದ ತಿರುವು ಇದೇ.

ಹೆಚ್ಚಿನ ಗೊಂದಲ ಹುಟ್ಟಿದ್ದು 1998ರ ನಂತರ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ, ಬೆಳೆಯ ನೀರಿನ ಅಗತ್ಯವನ್ನು ಲೆಕ್ಕ ಹಾಕುವ 56ನೇ ಕೈಪಿಡಿ ಆ ವರ್ಷ ಹೊರಬಂದು ಜಗತ್ತಿನೆಲ್ಲೆಡೆ ಮಾನದಂಡವಾಯಿತು. ಅದರ ಸೂತ್ರದಲ್ಲಿ ಗಾಳಿಯ ಶುಷ್ಕತೆಯನ್ನು ಗಾಳಿಯ ವೇಗದಿಂದ ಗುಣಿಸಬೇಕು. ಹಸಿರುಮನೆಯೊಳಗೆ ಗಾಳಿ ಬಹುತೇಕ ನಿಂತಿರುತ್ತದೆ. ವೇಗ ಸೊನ್ನೆಯೆಂದು ಹಾಕಿದರೆ ಆ ಇಡೀ ಪದವೇ ಅಳಿದು, ಹವೆ ಎಷ್ಟು ಒಣಗಿದ್ದರೂ ಬೆಳೆಗೆ ಅದರ ಬಾಧೆಯೇ ಇಲ್ಲವೆಂಬ ಉತ್ತರ ಬರುತ್ತದೆ. ವಾಸ್ತವದಲ್ಲಿ ಬಿಸಿಯಾದ ಎಲೆಯ ಸುತ್ತಲಿನ ಗಾಳಿ ತಾನಾಗಿ ಮೇಲೇಳುತ್ತ ಆವಿಯನ್ನು ಒಯ್ಯುತ್ತಿರುತ್ತದೆ. ಪ್ಲಾಸ್ಟಿಕ್ ಮನೆಗಳಿಗೆ ಹೆಸರಾದ ಸ್ಪೇನಿನ ಅಲ್ಮೇರಿಯಾದಲ್ಲಿ ಫರ್ನಾಂಡಿಸ್ ಮತ್ತು ಸಂಗಡಿಗರು 2010ರಲ್ಲಿ ಇದಕ್ಕೆ ಪರಿಹಾರ ಸೂಚಿಸಿದರು: ಆವಿಯ ಚಲನೆಗೆ ಗಾಳಿ ಒಡ್ಡುವ ತಡೆಯನ್ನು ಮೀಟರಿಗೆ 295 ಸೆಕೆಂಡು ಎಂದು ಸ್ಥಿರವಾಗಿಡುವುದು. ಕೈಪಿಡಿಯ ಲೆಕ್ಕದಲ್ಲಿ ಇದು ಸೆಕೆಂಡಿಗೆ ಸುಮಾರು 0.7 ಮೀಟರ್ ವೇಗದ ಗಾಳಿಗೆ ಸಮ. ಈ ಸಂಖ್ಯೆ ಅಲ್ಮೇರಿಯಾದ ಹವೆ ಮತ್ತು ಅಲ್ಲಿನ ಮನೆಗಳ ವಿನ್ಯಾಸದಿಂದ ಬಂದದ್ದು. ಬೇರೆಡೆ ಅಳೆದು ನೋಡದೆ ಬಳಸುವಂತಿಲ್ಲ.

ಇನ್ನೊಂದು ಲೋಪ ತಂಪು ಮಾಡುವ ನೀರಿನದು. ಫ್ಯಾನ್-ಪ್ಯಾಡ್ ವ್ಯವಸ್ಥೆಯಲ್ಲಿ ಒದ್ದೆ ಪ್ಯಾಡ್‌ನ ಮೂಲಕ ಗಾಳಿ ಎಳೆದಾಗ ಒಳಗಿನ ತೇವ ಹೆಚ್ಚಿ ಗಿಡದ ಖರ್ಚು ಇಳಿಯುತ್ತದೆ, ಆದರೆ ಪ್ಯಾಡ್‌ನಲ್ಲಿ ನೀರು ಆವಿಯಾಗಿ ಹೋಗುತ್ತದೆ. ಮರುಭೂಮಿಯ ಅರಿಜೋನಾದಲ್ಲಿ ಅಳೆದಾಗ, ಈ ನೀರು ಬೆಳೆಗೆ ಹಾಯಿಸಿದ ನೀರಿಗೆ ಹೋಲಿಸಬಹುದಾದಷ್ಟಿತ್ತು. ಇದನ್ನು ಬಿಟ್ಟು ಹೇಳುವ ಉಳಿತಾಯದ ಅಂಕಿ ನಂಬಲರ್ಹವಲ್ಲ.

ಬೆಂಗಳೂರಿನ ಸುತ್ತಮುತ್ತ ಗುಲಾಬಿ, ದಪ್ಪ ಮೆಣಸಿನಕಾಯಿ ಬೆಳೆಯುವ ಪಾಲಿಹೌಸ್‌ಗಳಲ್ಲಿ ಹೆಚ್ಚಿನವು ಸಹಜ ಗಾಳಿಯಾಟದವು. ಅಲ್ಲಿ ಪ್ಯಾಡ್‌ನ ಖರ್ಚಿಲ್ಲ. ಆದರೆ ಹನಿ ನೀರಾವರಿಯ ಪ್ರಮಾಣವನ್ನು ಹೊರಗಿನ ಆವಿಮಾಪಕ ತಟ್ಟೆಯ ಅಂಕಿಯಿಂದ ನೇರವಾಗಿ ತೆಗೆಯಬಾರದು. ಬಿಸಿಲನ್ನೂ ತೇವಾಂಶವನ್ನೂ ಬೆಳೆಯ ಎತ್ತರದಲ್ಲಿ, ಮನೆಯೊಳಗೇ ಅಳೆಯಬೇಕು.