ಕಾರವಾರದ ಬಂದರು ಸುತ್ತಿದ ನಮ್ಮೂರ ಸೈಕಲ್ಲುಗಳು

ತುಳಸಿಗೇರಿಯಿಂದ ಕಾರವಾರಕ್ಕೆ ಹೋಗಿ ಸೈಕಲ್ ಹೊಡೆದು ಬಂದೆವು ಅಂದರೆ ಊರಲ್ಲಿ ನಗುವವರೇ ಹೆಚ್ಚು. "ಸೈಕಲ್ ಹೊಡಿಯಾಕ ಸಮುದ್ರದ ತನಕಾ ಯಾಕ ಹೋಗಬೇಕ್ರೀ, ಕಲಾದಗಿ ರಸ್ತೆ ಇಲ್ಲೇನು?" ಎಂದು ಹಣಮಪ್ಪನ ಗುಡಿ ಹತ್ತಿರದ ಚಹಾದಂಗಡಿಯಲ್ಲಿ ಕೇಳಿದರು. ಇದಕ್ಕೆ ಸರಿಯಾಗಿ ಉತ್ತರ ಹೇಳಬೇಕಾದರೆ ನೂರಾ ಅರವತ್ತು ವರ್ಷ ಹಿಂದಕ್ಕೆ ಹೋಗಬೇಕು. ಅಷ್ಟರಲ್ಲಿ ಚಹಾ ಆರುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ.

ನಾವು ಮೂರು ಮನೆಯವರು, ದೀಪಾವಳಿ ರಜೆಯಲ್ಲಿ ಒಂದು ಟೆಂಪೋ ಮಾಡಿಕೊಂಡು ಹೊರಟಿದ್ದೆವು. ಮೇಲೆ ಐದು ಸೈಕಲ್ ಕಟ್ಟಿದ್ದೆವು. ಅದರಲ್ಲಿ ಎರಡು ಸರ್ಕಾರಿ ಶಾಲೆಯಲ್ಲಿ ಎಂಟನೇ ತರಗತಿಗೆ ಕೊಟ್ಟಂಥವು. 2006-07ರಲ್ಲಿ ಶುರುವಾದ ಆ ಯೋಜನೆಯ ಸೈಕಲ್ಲುಗಳು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಅಕ್ಕನಿಂದ ತಂಗಿಗೆ, ತಂಗಿಯಿಂದ ಹೊಲಕ್ಕೆ ಹೋಗುವ ಅಪ್ಪನಿಗೆ ದಾಟಿಕೊಂಡು ಇನ್ನೂ ಓಡುತ್ತಿವೆ. ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಹುಡುಗರಿಗೆ ವಾಂತಿ. ಆ ಘಟ್ಟದ ಬಗ್ಗೆ ಆಮೇಲೆ ಹೇಳುತ್ತೇವೆ.

ಮೊದಲು ಹತ್ತಿಯ ಮಾತು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಗಿರಣಿಗಳಿಗೆ ಹೋಗುತ್ತಿದ್ದ ನಮ್ಮ ಜವಾರಿ ಹತ್ತಿಗೆ ಪೇಟೆಯಲ್ಲಿ ಇದ್ದ ಹೆಸರು 'ಕುಮಟಾ'. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ಅಲ್ಲಿ ತೆಂಗು, ಅಡಿಕೆ, ಭತ್ತ. ಧಾರವಾಡ, ಕಲಾದಗಿ ಸೀಮೆಯ ಕರಿ ಎರೆ ನೆಲದಲ್ಲಿ ಬೆಳೆದ ಹತ್ತಿ ಘಟ್ಟ ಇಳಿದು ಕುಮಟೆಯ ದಂಡೆಗೆ ಹೋಗಿ, ಅಲ್ಲಿಂದ ಹಾಯಿಹಡಗಿನಲ್ಲಿ ಮುಂಬೈಗೆ, ಮುಂಬೈಯಿಂದ ದೊಡ್ಡ ಹಡಗಿನಲ್ಲಿ ಲಿವರ್‌ಪೂಲಿಗೆ ಹೋಗುತ್ತಿತ್ತು. ಬೆಳೆದ ಊರಿನ ಹೆಸರು ಹೋಗಿ ಹಡಗಿಗೆ ಏರಿದ ಊರಿನ ಹೆಸರು ಉಳಿಯಿತು. ಈಗ ಬ್ಯಾಡಗಿ ಪೇಟೆಗೆ ಹೋದ ಮೆಣಸಿನಕಾಯಿ ಯಾವ ಊರಿನದಾದರೂ ಬ್ಯಾಡಗಿಯದೇ ಆಗುತ್ತದಲ್ಲ, ಹಾಗೆ.

ಹೊತ್ತು ತರುತ್ತಿದ್ದದ್ದು ಎತ್ತುಗಳು. ಬಂಡಿ ಓಡುವಂಥ ರಸ್ತೆ ಘಟ್ಟದಲ್ಲಿ ಇರಲಿಲ್ಲ. ಹೇರು ಹೊತ್ತ ಎತ್ತುಗಳ ಸಾಲು, ಅದರ ಹಿಂದೆ ಲಂಬಾಣಿಗರ ಸಂಸಾರ. ಹೋಗುವಾಗ ಹತ್ತಿ, ಕಾಳು. ಬರುವಾಗ ಉಪ್ಪು, ಕೊಬ್ಬರಿ, ಅಡಿಕೆ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯಲ್ಲಿ ಇಂದಿಗೂ ಉಪ್ಪು ತೆಗೆಯುತ್ತಾರೆ. ನಮ್ಮ ಕಡೆಯ ತಾಂಡಾಗಳಲ್ಲಿ ಅಜ್ಜಂದಿರು ಇದ್ದರೆ ಒಮ್ಮೆ ಕೇಳಿ ನೋಡಿ. ಉಪ್ಪಿನ ಹೇರಿನ ಮಾತು ಯಾವುದಾದರೂ ಮನೆಯಲ್ಲಿ ಉಳಿದಿರಬಹುದು. ಬಂಡಿ ರಸ್ತೆ, ಆಮೇಲೆ ರೈಲು ಬಂದಾಗ ಮೊದಲು ಕೆಲಸ ಹೋದದ್ದು ಅವರದು.

1861ರಲ್ಲಿ ಅಮೆರಿಕದಲ್ಲಿ ಒಳಯುದ್ಧ ಶುರುವಾಯಿತು. ದಕ್ಷಿಣದ ರಾಜ್ಯಗಳ ಬಂದರುಗಳನ್ನು ಉತ್ತರದವರ ನೌಕಾಪಡೆ ಅಡ್ಡಗಟ್ಟಿತು. ಮ್ಯಾಂಚೆಸ್ಟರಿಗೆ ಹತ್ತಿ ಇಲ್ಲ. ಗಿರಣಿ ಮಾಲೀಕರ ಕಣ್ಣು ಹಿಂದುಸ್ತಾನದ ಮೇಲೆ ಬಿತ್ತು. ದರ ಹಿಂದೆಂದೂ ಕಾಣದಷ್ಟು ಏರಿತು. ಆದರೆ ಕುಮಟೆಯಲ್ಲಿ ತೊಂದರೆ ಇತ್ತು. ಅದು ತೆರೆದ ಸಮುದ್ರದ ದಂಡೆ, ಹಡಗು ದೂರದಲ್ಲೇ ನಿಲ್ಲಬೇಕು, ಮಳೆಗಾಲ ಬಂತೆಂದರೆ ಕೆಲಸ ಬಂದ್. ಕಾರವಾರ ಹಾಗಲ್ಲ. ದಕ್ಷಿಣಕ್ಕೆ ಬೈತಖೋಲದ ಗುಡ್ಡ ಸಮುದ್ರದೊಳಕ್ಕೆ ಚಾಚಿ ಗಾಳಿ ತಡೆಯುತ್ತದೆ. ಮುಂದೆ ನಡುಗಡ್ಡೆಗಳು ತೆರೆಯ ಹೊಡೆತ ತಿನ್ನುತ್ತವೆ. ನಮ್ಮ ಕಡೆಯವರಿಗೆ ತಿಳಿಯುವಂತೆ ಹೇಳಬೇಕಾದರೆ, ಮೂಡಗಾಳಿಗೆ ಬೆನ್ನು ಕೊಟ್ಟು ಕಟ್ಟಿದ ದನದ ಕೊಟ್ಟಿಗೆಯ ಹಾಗೆ ಅದು.

1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಕಿತ್ತು ಮುಂಬೈ ಪ್ರಾಂತಕ್ಕೆ ಸೇರಿಸಿದರು. ಹತ್ತಿ ಬೆಳೆಯುವ ಜಿಲ್ಲೆಗಳು ಮುಂಬೈಯಲ್ಲಿ, ಬಂದರು ಮದ್ರಾಸಿನಲ್ಲಿ ಎಂದರೆ ರಸ್ತೆ ಯಾರು ಮಾಡಬೇಕೆಂಬ ಜಗಳ ತೀರುತ್ತಿರಲಿಲ್ಲ. ಜಿಲ್ಲಾ ಕಚೇರಿ ಕಾರವಾರಕ್ಕೆ ಬಂತು. 1864ರಲ್ಲಿ ದೇವಗಡ ನಡುಗಡ್ಡೆಯ ಮೇಲೆ ದೀಪಸ್ತಂಭ ನಿಂತಿತು. ಅರಬೈಲ್ ಘಟ್ಟದ ಬಂಡಿ ರಸ್ತೆಯನ್ನೂ ಹತ್ತಿಯ ಸಲುವಾಗಿಯೇ ಮಾಡಿದರು. ಅದೇ 1864ರಲ್ಲಿ ನಮ್ಮ ಪಕ್ಕದ ಕಲಾದಗಿ ಹೊಸ ಜಿಲ್ಲೆಯ ಮುಖ್ಯ ಊರಾಯಿತು. ತುಳಸಿಗೇರಿಯಿಂದ ಕಲಾದಗಿಗೆ ದಾಳಿಂಬೆ, ಚಿಕ್ಕು ತರಲು ಹೋಗುವವರಿಗೆ ಅದೊಂದು ಕಾಲದ ಜಿಲ್ಲಾ ಕೇಂದ್ರ ಎಂದರೆ ಈಗ ನಂಬಿಕೆ ಬರುವುದಿಲ್ಲ.

ಹೀಗಿರುವಾಗ ಹುಡುಗರಿಗೆ ತೋರಿಸಬೇಕಾದದ್ದು ಬರೀ ಸಮುದ್ರ ಅಲ್ಲ, ನಮ್ಮ ಹೊಲ ಎಲ್ಲಿಯ ತನಕ ಹೋಗಿತ್ತು ಎಂಬುದು ಎಂದು ನಾವು ಮಾತಾಡಿಕೊಂಡಿದ್ದೆವು. ಹುಡುಗರು ಮಾತ್ರ ಬಂದದ್ದು ಸಮುದ್ರಕ್ಕೇ.

ಬೆಳಿಗ್ಗೆ ಆರೂವರೆಗೆ ಬೈತಖೋಲದ ಮೀನುಗಾರಿಕಾ ಬಂದರಿನಿಂದ ಹೊರಟೆವು. ಬೋಟುಗಳು ಬಂದು ಬುಟ್ಟಿ ಇಳಿಸುತ್ತಿದ್ದವು. ಬಂಗಡೆ, ಬೂತಾಯಿ, ಸೀಗಡಿ, ಐಸ್ ಪುಡಿ ಮಾಡುವ ಸದ್ದು, ಕೊಂಕಣಿಯಲ್ಲಿ ಹರಾಜು. ನಮ್ಮ ಮನೆಯ ಹೆಂಗಸರಲ್ಲಿ ಇಬ್ಬರು ಮೀನು ತಿನ್ನುವವರಲ್ಲ, ಮೂಗಿಗೆ ಸೆರಗು ಹಿಡಿದೇ ಎಲ್ಲ ನೋಡಿದರು. ಅಲ್ಲಿಂದ ಉತ್ತರಕ್ಕೆ ಕಡಲತೀರ. ನೀರು ಇಳಿದ ಹೊತ್ತಿನಲ್ಲಿ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಸೈಕಲ್ ಚಕ್ರ ಹೂಳುವುದಿಲ್ಲ. ಒಣ ಮರಳಿಗೆ ಹೋದಿರೋ, ತಳ್ಳಿಕೊಂಡೇ ಹೋಗಬೇಕು. ನೀರು ಏರಿಳಿಯುವ ಹೊತ್ತನ್ನು ಹಿಂದಿನ ದಿನವೇ ಮೀನುಗಾರರನ್ನು ಕೇಳಿಕೊಳ್ಳಿ.

ತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರು. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, ಇಪ್ಪತ್ತೆರಡರ ಹುಡುಗ ರವೀಂದ್ರ ಬಂದು ಉಳಿದು 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕ ಬರೆದರು. ಮುಂದೆ ದಡದ ಮೇಲೆ ಐಎನ್‌ಎಸ್ ಚಪಲ್ ಎಂಬ ಯುದ್ಧನೌಕೆ ನಿಂತಿದೆ. ನೌಕಾಪಡೆಯಲ್ಲಿದ್ದ ಕ್ಷಿಪಣಿ ದೋಣಿ ಅದು, ಈಗ ವಸ್ತುಸಂಗ್ರಹಾಲಯ. ಹುಡುಗರು ಅಲ್ಲಿಂದ ಏಳಲೇ ಇಲ್ಲ, ಒಂದು ತಾಸು ಅಲ್ಲೇ ಹೋಯಿತು.

ಕೋಡಿಬಾಗದಲ್ಲಿ ಕಾಳಿ ನದಿ ಸಮುದ್ರ ಸೇರುತ್ತದೆ. ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ. ಸೋದೆಯ ಅರಸ ಕಟ್ಟಿಸಿ ತನ್ನ ತಂದೆಯ ಹೆಸರಿಟ್ಟ ಕೋಟೆ. ಇದೇ ನದಿಯಲ್ಲಿ ಸ್ವಲ್ಪ ಮೇಲಕ್ಕೆ ಕಡವಾಡದಲ್ಲಿ 1638ರಷ್ಟು ಹಿಂದೆಯೇ ಇಂಗ್ಲಿಷರು ಮೆಣಸು, ಬಟ್ಟೆಯ ಕೋಠಿ ಇಟ್ಟಿದ್ದರು. ನದಿಗೆ ಅಡ್ಡ ನೋಡಿದರೆ ಹೆದ್ದಾರಿಯ ಸೇತುವೆ. ಅದರ ಪಕ್ಕದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು, ಲಾರಿಯೊಂದು ನೀರಿಗೆ ಬಿತ್ತು. ಚಾಲಕ ಬದುಕಿದ. ಸೇತುವೆ ದಾಟಿ ಗುಡ್ಡ ಹತ್ತುವ ಯೋಚನೆ ನಮಗೂ ಇತ್ತು, ಆದರೆ ಲಾರಿಗಳ ನಡುವೆ ಮಕ್ಕಳನ್ನು ಸೈಕಲ್ ಮೇಲೆ ಬಿಡುವುದು ಬೇಡವೆಂದು ಈ ದಡದಲ್ಲೇ ಕೂತು ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಶೇಂಗಾ ಚಟ್ನಿ ತಿಂದೆವು.

ಅಲ್ಲೇ ನಮ್ಮ ಅಣ್ಣನ ಮಗಳು ಕೇಳಿದಳು: "ಕಾಕಾ, ನಮ್ಮ ಹತ್ತಿ ಇಲ್ಲೀ ತನಕಾ ಬರ್ತಿತ್ತು ಅಂತೀರಿ. ಈಗ್ಯಾಕ ಬರೂದಿಲ್ಲ?"

ಯುದ್ಧ 1865ರಲ್ಲಿ ಮುಗಿಯಿತು. ಅಮೆರಿಕದ ಹತ್ತಿ ಮತ್ತೆ ಹಡಗೇರಿತು, ದರ ಬಿತ್ತು, ಮುಂಬೈಯಲ್ಲಿ ವ್ಯಾಪಾರಿಗಳು ದಿವಾಳಿ ಎದ್ದರು. ಏರಿದ ದರ ನಂಬಿ ಸಾಲ ಮಾಡಿದ ರೈತನ ಗತಿ ಏನಾಗಿರಬಹುದೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. 1876-78ರ ದೊಡ್ಡ ಬರದ ನಂತರ ರೈಲು ಬಂತು. 1884ರಲ್ಲಿ ಹೊಟಗಿ-ಗದಗ ಮಾರ್ಗ ವಿಜಾಪುರ, ಬಾಗಲಕೋಟೆ ಮೇಲೆ ಹಾಯಿತು. ಅದೇ ಹೊತ್ತಿಗೆ ಕಲಾದಗಿಯ ಕಚೇರಿಗಳೂ ವಿಜಾಪುರಕ್ಕೆ ಹೋದವು. 1888ರಲ್ಲಿ ಪೋರ್ಚುಗೀಸರ ಗೋವಾದ ಮಾರ್ಮಗೋವಾ ಬಂದರಿಗೆ ಕ್ಯಾಸಲ್‌ರಾಕ್ ಮೂಲಕ ರೈಲು ಕೂಡಿತು. ಹುಬ್ಬಳ್ಳಿಯ ಹತ್ತಿ ಆ ಕಡೆ ತಿರುಗಿತು. ಕಾರವಾರಕ್ಕೆ ರೈಲು ಬಂದದ್ದು ನೂರು ವರ್ಷ ತಡವಾಗಿ, ಕೊಂಕಣ ರೈಲ್ವೆಯಿಂದ. ಅದೂ ದಂಡೆಗುಂಟ ಓಡುವ ರೈಲು, ಘಟ್ಟ ಹತ್ತಿ ನಮ್ಮ ಕಡೆ ಬರುವುದಲ್ಲ. ಹುಬ್ಬಳ್ಳಿ-ಅಂಕೋಲಾ ಮಾರ್ಗ ಮಂಜೂರಾಗಿ ಕಾಲು ಶತಮಾನ ದಾಟಿದರೂ ಅದು ಕಾಗದದ ಮೇಲೇ ಹೆಚ್ಚು ಓಡಿದೆ. ಮಧ್ಯದಲ್ಲಿ ಅರಬೈಲ್ ಘಟ್ಟ ಕಂಡದ್ದು ಬಳ್ಳಾರಿ ಕಡೆಯ ಅದಿರು ಲಾರಿಗಳನ್ನು. ಬೇಲೇಕೇರಿ ಬಂದರಿನ ಆ ಕಥೆ 2010ರಲ್ಲಿ ಟಿವಿಯಲ್ಲಿ ಎಲ್ಲರೂ ನೋಡಿದ್ದೀರಿ.

ಒಂದು ಬಂದರು ಯಾರ ಸರಕಿಗಾಗಿ ಕಟ್ಟಿತು, ಯಾರ ಸರಕು ತಪ್ಪಿತು ಎನ್ನುವುದರಲ್ಲೇ ಇತಿಹಾಸ ಮುಗಿದರೆ ನಾವು ಇಷ್ಟು ದೂರ ಬರೆಯುತ್ತಿರಲಿಲ್ಲ. ಆ ದಂಡೆಯ ಮೇಲೇ ಇದ್ದವರ ಮಾತಿದೆ. ಬಂದರಿನ ಸುತ್ತ ಎಂದು ನಾವು ಹೇಳಿಕೊಂಡರೂ ಸುತ್ತಿದ್ದು ಉತ್ತರದ ಅರ್ಧ ಮಾತ್ರ. ದಕ್ಷಿಣದಲ್ಲಿ, ಬಿಣಗಾ ದಾಟಿದ ಮೇಲೆ ಅರಗಾದಿಂದಾಚೆ ನೌಕಾನೆಲೆಯ ಗೋಡೆ. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ ಸೀಬರ್ಡ್ ಯೋಜನೆ, 2005ರಲ್ಲಿ ಐಎನ್‌ಎಸ್ ಕದಂಬ ಎಂದು ಶುರುವಾಯಿತು. ಅಲ್ಲಿದ್ದ ಊರುಗಳ ಮೀನುಗಾರರು, ರೈತರು ಎದ್ದು ಬೇರೆ ಕಡೆ ಹೋದರು. ಪರಿಹಾರದ ಮೊಕದ್ದಮೆಗಳು ವರ್ಷಗಟ್ಟಲೆ ನಡೆದವು. ದೇಶದ ಕಾವಲಿಗೆ ನೆಲೆ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಏಳಬೇಕಾದವರಿಗೆ ಹಣ ಎಂದು ಬರುತ್ತದೆ ಎನ್ನುವ ಪ್ರಶ್ನೆ ನಮಗೆ ಹೊಸದಲ್ಲ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿಗೆ ಅಡಿಗಲ್ಲು ಹಾಕಿದ ದಿನದಿಂದ ಬಾಗಲಕೋಟೆಯವರು ಅದನ್ನೇ ಕೇಳುತ್ತಿದ್ದಾರೆ.

ಇನ್ನು ನಾವು ಸೈಕಲ್ ಹೊಡೆದ ಮರಳಿನ ಮಾತು. 2020ರ ಜನವರಿಯಲ್ಲಿ ವಾಣಿಜ್ಯ ಬಂದರಿನ ಎರಡನೇ ಹಂತದ ವಿಸ್ತರಣೆ ಶುರುವಾದಾಗ ಮೀನುಗಾರರು ಬೀದಿಗಿಳಿದರು, ಕಾರವಾರ ಬಂದ್ ಆಯಿತು, ಪ್ರಕರಣ ಹೈಕೋರ್ಟಿಗೆ ಹೋಗಿ ಕೆಲಸಕ್ಕೆ ತಡೆ ಸಿಕ್ಕಿತು. ತೀರ ಹೋದರೆ ಬಲೆ ಎಳೆಯುವ ಜಾಗ, ದೋಣಿ ನಿಲ್ಲಿಸುವ ಜಾಗ ಎರಡೂ ಹೋಗುತ್ತವೆ ಎಂಬುದು ಅವರ ಮಾತು. ಬೈತಖೋಲದಲ್ಲಿ ಮೀನು ಮಾರುತ್ತಿದ್ದ ಹಿರಿಯ ಹೆಂಗಸೊಬ್ಬರು ನಮ್ಮ ಊರು ಕೇಳಿದರು. "ಬಾಗಲಕೋಟೆಯಾ? ಮುಳುಗಿದ ಊರಲ್ವಾ ಅದು? ಹಾಗಾದ್ರೆ ನಿಮಗೆ ಗೊತ್ತು ಬಿಡಿ ತಮ್ಮಾ" ಎಂದು ಬುಟ್ಟಿ ಕಡೆ ತಿರುಗಿದರು. ಅದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ.

ವಾಪಸು ಬರುವುದು ಕೋಡಿಬಾಗ ರಸ್ತೆಯಲ್ಲಿ, ಊರೊಳಗಿಂದ. ಎಲ್ಲ ಸೇರಿ ಸುಮಾರು ಹತ್ತು ಕಿಲೋಮೀಟರ್, ಎಂಟು ವರ್ಷದ ಹುಡುಗನೂ ಮುಗಿಸಿದ. ಹೋಗುವವರಿಗೆ ಎರಡು ಮಾತು. ಸಮುದ್ರ ಗೊತ್ತಿಲ್ಲದ ನಮ್ಮಂಥವರು ಮೊಣಕಾಲಿಗಿಂತ ಹೆಚ್ಚು ನೀರಿಗೆ ಇಳಿಯಬೇಡಿ. ದೋಣಿ ಏರುವುದಾದರೆ ಜೀವರಕ್ಷಕ ಜಾಕೆಟ್ ಇಲ್ಲದೆ ಏರಬೇಡಿ. 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಇದೇ ನೀರಿನಲ್ಲಿ ಮಗುಚಿ 16 ಜನ ಸತ್ತರು. ಹಾವೇರಿ ಕಡೆಯಿಂದ ಬಂದಿದ್ದವರೂ ಅದರಲ್ಲಿದ್ದರು.

ಮತ್ತೆ ಸೈಕಲ್ಲಿನ ವಿಷಯ. ಊರಿಗೆ ಬಂದು ಟೆಂಪೋದಿಂದ ಇಳಿಸಿ ಹಾಗೇ ಗೋಡೆಗೆ ಆನಿಸಿದ್ದೆವು. ಮೂರನೇ ದಿನ ನೋಡಿದರೆ ಐದರ ಚೈನಿಗೂ ಕೆಂಪು ತುಕ್ಕು. ಅಲ್ಲೇ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಬಿಟ್ಟು ತರಬೇಕಿತ್ತು. ಎರಡು ಚೈನು ಬದಲಿಸಬೇಕಾಯಿತು.