ನೀರುಗಂಟಿಯ ಪಾಲು

ಚಿಕ್ಕಮಗಳೂರಿನಿಂದ ಆಲ್ದೂರಿನ ಮಾರ್ಗವಾಗಿ ಬಾಳೆಹೊನ್ನೂರಿಗೆ ಹೋಗುವ ಭಕ್ತಾದಿಗಳು ವಸ್ತಾರೆಯನ್ನು ದಾಟಿಯೇ ಮುಂದೆ ಸಾಗಬೇಕು. ಇಂದು ಅದೊಂದು ಹೋಬಳಿಯ ಕೇಂದ್ರ. ಎರಡೂ ಕಡೆ ಕಾಫಿಯ ತೋಟ, ಮೇಲೆ ಮರಗಳ ನೆರಳು. ಮಳೆಗಾಲದಲ್ಲಿ ಬಂದವರಿಗೆ ಈ ಸೀಮೆಯಲ್ಲಿ ನೀರಿನ ಚಿಂತೆಯೂ ಇರಬಹುದೆಂಬ ಭಾವನೆಯೇ ಮೂಡದು. ಆದರೆ ಮಾರ್ಚ್ ತಿಂಗಳ ಕೊನೆಗೆ ಬಂದು ನೋಡಿರಿ. ತೊರೆಗಳು ಬತ್ತಿರುತ್ತವೆ, ಬಾವಿಗಳ ತಳ ಕಾಣುತ್ತಿರುತ್ತದೆ. ಮಳೆ ಸುರಿಯುವುದು ಬೇರೆ, ನೀರು ನಿಲ್ಲುವುದು ಬೇರೆ. ಬೆಟ್ಟದ ನೀರು ನಿಲ್ಲುವುದಿಲ್ಲ. ತುಂಗೆ, ಭದ್ರೆ, ಹೇಮಾವತಿ, ಯಗಚಿ, ವೇದಾವತಿಗಳಾಗಿ ಇಳಿದುಹೋಗುತ್ತದೆ. ಐದು ನದಿಗಳಿಗೆ ತವರಾದ ಜಿಲ್ಲೆಯಲ್ಲಿ ಬೇಸಗೆಯಲ್ಲಿ ಕೊಡ ಹಿಡಿದು ಕಾಯುವ ಪ್ರಸಂಗ ಒದಗುವುದು ಹೀಗೆ.

ನಮ್ಮ ಪೂರ್ವಿಕರು ಇದನ್ನು ಅರಿತಿದ್ದರು. ಬಾಬಾಬುಡನ್ ಗಿರಿಯ ಪೂರ್ವದ ಇಳಿಜಾರಿನಲ್ಲಿ, ಸಖರಾಯಪಟ್ಟಣದ ಬಳಿ ಇರುವ ಅಯ್ಯನಕೆರೆಯನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ರುಕ್ಮಾಂಗದರಾಯನು ಅದನ್ನು ಕಟ್ಟಿಸಿದನೆಂಬುದು ಐತಿಹ್ಯ. ಹೊಯ್ಸಳರ ಕಾಲದಲ್ಲಿ ಅದು ಜೀರ್ಣೋದ್ಧಾರಗೊಂಡಿತು. ಎಂದರೆ ಎಂಟುನೂರು ವರ್ಷಗಳಿಗೂ ಹಿಂದೆಯೇ ಅದು ದುರಸ್ತಿ ಬೇಡುವಷ್ಟು ಹಳೆಯದಾಗಿದ್ದಿತು! ಈ ಕೆರೆಯ ಬಗ್ಗೆ ಒಂದು ಕಥೆಯುಂಟು. ಏರಿ ಒಡೆಯುವ ಸಮಯ ಬಂದಿತೆಂದು ಕೆರೆಯ ದೇವತೆಯಿಂದಲೇ ತಿಳಿದ ನೀರುಗಂಟಿಯು, ‘ನಾನು ಒಡೆಯರಿಗೆ ತಿಳಿಸಿ ಹಿಂದಿರುಗುವವರೆಗೆ ತಡೆ ತಾಯಿ’ ಎಂದು ಬೇಡಿಕೊಂಡನಂತೆ. ದೇವತೆ ಮಾತು ಕೊಟ್ಟಳು. ಅವನು ಓಡಿಹೋಗಿ ಸುದ್ದಿ ತಿಳಿಸಿದಾಗ, ಅವನು ಹಿಂದಿರುಗದಿದ್ದರೆ ಕೆರೆ ಎಂದೆಂದಿಗೂ ಉಳಿಯುವುದೆಂದು ಬಗೆದು ಅವನನ್ನು ಅಲ್ಲಿಯೇ ಕೊಲ್ಲಿಸಿದರಂತೆ. ಕಥೆಯನ್ನು ಹೇಳುವವರು ಕೆರೆಯ ಮಹಿಮೆಯನ್ನು ಹೊಗಳುತ್ತಾರೆ. ನನಗಾದರೋ ಆ ನೀರುಗಂಟಿಯ ನೆನಪೇ ಹೆಚ್ಚು ಕಾಡುತ್ತದೆ. ಏರಿಯ ಸ್ಥಿತಿಯನ್ನು ಬಲ್ಲವನು ಅವನೊಬ್ಬನೇ; ಬೆಲೆ ತೆತ್ತವನೂ ಅವನೇ.

ಕಥೆ ಹಾಗಿರಲಿ, ಶಾಸನಗಳು ಹೇಳುವ ಮಾತು ಇದಕ್ಕಿಂತ ನ್ಯಾಯವಾದುದು. ಕೆರೆ ಕಟ್ಟಿದಾಗ ಅದರ ಕೆಳಗಿನ ಗದ್ದೆಯಲ್ಲಿ ಒಂದು ಪಾಲನ್ನು ‘ಬಿತ್ತುವಟ್ಟ’ವೆಂದು ಬಿಡುವ ವಾಡಿಕೆ ಕನ್ನಡ ನಾಡಿನಲ್ಲಿ ವ್ಯಾಪಕವಾಗಿದ್ದಿತು. ಹೂಳು ತೆಗೆಯುವ ಬಂಡಿಗೆ, ತೂಬು ನೋಡುವವನ ಜೀವನಕ್ಕೆ ದತ್ತಿ ಬಿಟ್ಟ ಶಾಸನಗಳೂ ದೊರೆತಿವೆ. ಸೊನ್ನಲಿಗೆಯಲ್ಲಿ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದುದನ್ನು ನಾವೆಲ್ಲ ಭಕ್ತಿಯಿಂದ ಸ್ಮರಿಸುತ್ತೇವೆ. ಅಂತಹ ಕೆರೆಗಳು ತಲೆಮಾರುಗಳನ್ನು ದಾಟಿ ಬಾಳಿದುದು ಕಟ್ಟಿದವರಿಂದ ಮಾತ್ರವಲ್ಲ, ವರ್ಷ ವರ್ಷವೂ ಹೂಳು ಹೊತ್ತವರಿಂದ.

ಈಗ ಚಿಕ್ಕಮಗಳೂರಿನ ವಿಚಾರಕ್ಕೆ ಬರೋಣ. ಊರೊಳಗೆ ಬಸವನಹಳ್ಳಿ ಕೆರೆ, ಕೋಟೆ ಕೆರೆಗಳಿವೆ. ಊರು ಬೆಳೆದಂತೆ ಸಮೀಪದ ಬೆಟ್ಟದ ಮಡಿಲಿನ ಹಿರೇಕೊಳಲೆ ಕೆರೆಯ ನೀರು ನಲ್ಲಿಗಳಿಗೆ ಬಂದಿತು. ಅದೂ ಸಾಲದಾಗಿ ಯಗಚಿಯತ್ತ ನೋಡಬೇಕಾಯಿತು. ಯಗಚಿ ಹುಟ್ಟುವುದು ಚಿಕ್ಕಮಗಳೂರಿನ ನೆತ್ತಿಯ ಬೆಟ್ಟಗಳಲ್ಲಿಯೇ. ಅದು ಕೆಳಗಿಳಿದು ಬೇಲೂರಿನ ಬಳಿ ಜಲಾಶಯದಲ್ಲಿ ನಿಂತ ಮೇಲೆ, ಅದೇ ನೀರನ್ನು ವಿದ್ಯುತ್ತಿನ ಬಲದಿಂದ ಮತ್ತೆ ಮೇಲಕ್ಕೆತ್ತಿ ಊರಿಗೆ ತರಬೇಕು! ಮನೆಯ ಮುಂದೆ ಹರಿದುಹೋದುದನ್ನು ಹಣ ಕೊಟ್ಟು ಹಿಂದಕ್ಕೆ ತರುವುದಲ್ಲವೇ ಇದು? ಬೇರೆ ದಾರಿ ಇರಲಿಲ್ಲವೆಂದು ಎಂಜಿನಿಯರುಗಳು ಹೇಳಿಯಾರು; ಅದು ನಿಜವೂ ಇದ್ದೀತು. ಆದರೆ ಅಂದಿನಿಂದ ಊರಿನ ಬಾಯಾರಿಕೆಗೆ ವಿದ್ಯುತ್ತಿನ ಬಿಲ್ಲೂ ಅಂಟಿಕೊಂಡಿತು.

ದೊಡ್ಡ ಊರುಗಳ ಇತಿಹಾಸವೂ ಇದೇ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1896ರಲ್ಲಿ, ಬೆಂಗಳೂರಿಗೆ ಅರ್ಕಾವತಿಯ ಹೆಸರಘಟ್ಟದ ನೀರು ಬಂದಾಗ ಇನ್ನು ಚಿಂತೆಯಿಲ್ಲವೆಂದು ಜನ ಭಾವಿಸಿದ್ದರು. ಮೂರು ದಶಕ ತುಂಬುವುದರೊಳಗೆ ಆ ಕೆರೆ ಕೈಕೊಟ್ಟಿತು. 1933ರಲ್ಲಿ ಅದೇ ನದಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಅಣೆಕಟ್ಟು ಬಂದಿತು. 1974ರಲ್ಲಿ ಕಾವೇರಿಯನ್ನೇ ಕರೆತರಬೇಕಾಯಿತು. ಪ್ರತಿ ಸಲವೂ ಹೊಸ ಮೂಲ ಹಿಂದಿನದಕ್ಕಿಂತ ದೂರ. ಪ್ರತಿ ಸಲವೂ ಹಳೆಯದರ ಜಲಾನಯನ ಪ್ರದೇಶ ಕೇಳುವವರಿಲ್ಲದೆ ಹಾಳಾಯಿತು.

2015ರಲ್ಲಿ ಆರಂಭವಾದ ಅಮೃತ್ ಯೋಜನೆಯಲ್ಲಿ ಚಿಕ್ಕಮಗಳೂರು ಸೇರಿತು. ಹಳ್ಳಿಗಳಿಗಾಗಿ 2019ರಲ್ಲಿ ಜಲ ಜೀವನ್ ಮಿಷನ್ ಬಂದಿತು. ಒಬ್ಬರಿಗೆ ದಿನಕ್ಕೆ 55 ಲೀಟರ್ ಒದಗಿಸುವುದು ಅದರ ಗುರಿ. ಇವು ಸ್ವಾಗತಾರ್ಹವೇ. ಆದರೆ ಯಾವುದೇ ಊರಿನ ಯೋಜನೆಯ ಅಂದಾಜುಪಟ್ಟಿಯನ್ನು ಕೈಗೆತ್ತಿಕೊಂಡಾಗ ಒಂದು ವಿಷಯವನ್ನು ಹುಡುಕಿ ನೋಡಿರಿ. ಇಷ್ಟು ಕಿಲೋಮೀಟರ್ ಕೊಳವೆ, ಇಷ್ಟು ಟ್ಯಾಂಕು, ಇಷ್ಟು ಕುದುರೆಶಕ್ತಿಯ ಪಂಪು ಎಂಬುದೆಲ್ಲ ಬರೆದಿರುತ್ತದೆ. ಹತ್ತು ವರ್ಷಗಳ ಮೇಲೆ ಸೋರುವ ಕೊಳವೆಯನ್ನು ಯಾವ ಹಣದಿಂದ ಬದಲಿಸಬೇಕು, ಮೂಲದ ಮೇಲಿನ ಕಾಡನ್ನು ಯಾರು ನೋಡಿಕೊಳ್ಳಬೇಕು ಎಂಬುದು ಬರೆದಿದೆಯೇ? ಅಂದಿನವರು ಅದನ್ನು ಮೊದಲ ದಿನವೇ ಕಲ್ಲಿನ ಮೇಲೆ ಬರೆಸುತ್ತಿದ್ದರು.

ನೀರುಗಂಟಿಯ ಹೆಸರು ಮಾತ್ರ ಇಂದಿಗೂ ಉಳಿದಿದೆ. ಗ್ರಾಮ ಪಂಚಾಯಿತಿಯಲ್ಲಿ ಬೆಳಗಿನ ಜಾವ ಎದ್ದು ವಾಲ್ವ್ ತಿರುಗಿಸುವವನನ್ನು ಜನ ಹಾಗೆಯೇ ಕರೆಯುತ್ತಾರೆ. ನೆಲದೊಳಗಿನ ಹಳೆಯ ಕೊಳವೆ ಎಲ್ಲಿ ತಿರುಗುತ್ತದೆ, ಯಾವ ಕೇರಿಗೆ ನೀರು ಏರುವುದಿಲ್ಲ, ಯಾವ ಜೋಡಣೆ ಪ್ರತಿ ಬೇಸಗೆಯಲ್ಲೂ ಬಿಚ್ಚಿಕೊಳ್ಳುತ್ತದೆ ಎಂಬುದು ಅನೇಕ ಊರುಗಳಲ್ಲಿ ಕಾಗದದ ಮೇಲಿಲ್ಲ, ಅವನ ತಲೆಯಲ್ಲಿದೆ. ಅವನು ನಿವೃತ್ತನಾದ ದಿನ ಆ ನಕ್ಷೆಯೂ ಹೋಗುತ್ತದೆ. ನಮ್ಮ ಮಠದ ಹಳೆಯ ವಿದ್ಯಾರ್ಥಿಗಳಲ್ಲಿ ಎಂಜಿನಿಯರುಗಳಿದ್ದೀರಿ, ಪಂಚಾಯಿತಿಯ ಸದಸ್ಯರಿದ್ದೀರಿ. ನಿಮ್ಮ ಊರಿನ ನೀರಿನ ಯೋಜನೆ ಚರ್ಚೆಗೆ ಬರುವ ಮುನ್ನ ಒಂದು ಸಂಜೆ ಬಿಡುವು ಮಾಡಿಕೊಂಡು, ಆ ನೀರುಗಂಟಿಯ ಮನೆಯ ಜಗಲಿಯ ಮೇಲೆ ಕುಳಿತು, ಅವನು ಹೇಳಿದಂತೆ ಒಂದು ನಕ್ಷೆಯನ್ನು ಬರೆದುಕೊಳ್ಳಿರಿ. ಅವನ ಸಂಬಳ ಎಷ್ಟು ತಿಂಗಳಿಂದ ಬಾಕಿಯಿದೆಯೆಂದೂ ಹಾಗೆಯೇ ಕೇಳಿ ಬನ್ನಿರಿ.